ಗುಡಗೇರಿಯ ಪ್ರಯೋಗ

೧೨ ಜನವರಿ ೧೯೭೬, ಸೋಮವಾರ

ಪೆಟ್ಟಿಗೆ ಬಂದಿಲ್ಲ. ಬೆಳಿಗ್ಗೆ ಸ್ಟೇಶನ್ನಿಗೆ ಹೋಗಿ ಕೇಳಿದೆ. ಸ್ಟೇಶನ್ ಮಾಸ್ತರರು ರಜಿಸ್ಟರ್ ತಿರುವಿ ಇಲ್ಲವೆಂದರು. ಆರು ತಿಂಗಳಿಂದ ರೈಲುಗಳು ವೇಳೆಗೆ ಸರಿಯಾಗಿ ಬರುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪೆಟ್ಟಿಗೆಯೊಂದು ಬಂದಿಲ್ಲ. ತಿರುಗಿ ಬರುವಾಗ ಹೆಜ್ಜೆ ಹಗುರವಾಗಿದ್ದುದನ್ನು ಗಮನಿಸಿದೆ.

ಪೆಟ್ಟಿಗೆಯಲ್ಲಿ ಇರಬೇಕಾದ್ದು ಗಾಜಿನ ಸಾಮಾನು, ಸ್ಪಿರಿಟ್ ದೀಪ, ಅಯಸ್ಕಾಂತ, ಭೂತಗನ್ನಡಿ, ಸಣ್ಣ ತಕ್ಕಡಿ. ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಇನ್ನು ಓದಿಸುವುದಲ್ಲ, ಮಾಡಿಸುವುದು ಎಂದು ಮೇಲಿನವರು ತೀರ್ಮಾನಿಸಿದ್ದಾರೆ. ಅದಕ್ಕಾಗಿ ಕುಂದಗೋಳ ತಾಲೂಕಿನ ಇಪ್ಪತ್ತೆರಡು ಶಿಕ್ಷಕರಿಗೆ ಇಲ್ಲಿ ಗುಡಗೇರಿಯ ಶಾಲೆಯಲ್ಲಿ ನಾಲ್ಕು ವಾರದ ತರಬೇತಿ. ಕೊಡುವವನು ನಾನು. ಧಾರವಾಡದಲ್ಲಿ ಶಿಕ್ಷಕರಾಗುವವರಿಗೆ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಹೇಳುತ್ತ ಬಂದಿದ್ದೇನೆ. ಹೇಳುತ್ತ ಎಂಬುದೇ ಸರಿಯಾದ ಶಬ್ದ. ಹನ್ನೊಂದು ವರ್ಷದಿಂದ ಯಾರ ಎದುರಿಗೂ ಒಂದು ಗಾಜಿನ ನಳಿಗೆಯನ್ನು ಕೈಯಲ್ಲಿ ಹಿಡಿದಿಲ್ಲ.

ಕಾರಣವನ್ನು ಇಲ್ಲಿ ಬರೆಯಬಹುದು, ಈ ವಹಿಯನ್ನು ಯಾರೂ ಓದುವುದಿಲ್ಲ. ಬಲಗೈ ನಡುಗುತ್ತದೆ. ಒಬ್ಬನೇ ಇದ್ದಾಗ ಅಷ್ಟಿಲ್ಲ. ಯಾರಾದರೂ ನೋಡುತ್ತಿದ್ದರೆ, ಕೈಯಲ್ಲಿ ತುಂಬಿದ ಪಾತ್ರೆ ಇದ್ದರೆ, ಅದು ನನ್ನ ಮಾತು ಕೇಳುವುದಿಲ್ಲ. ಹೆಂಡತಿ ವತ್ಸಲಾಗೆ ಗೊತ್ತಿದೆಯೋ ಇಲ್ಲವೋ ಗೊತ್ತಿಲ್ಲ. ನಾವು ಆ ಬಗ್ಗೆ ಮಾತಾಡಿಲ್ಲ.

ಜೂನ್‌ನಲ್ಲಿ ನನಗೆ ಐವತ್ತು ತುಂಬುತ್ತದೆ. ಐವತ್ತು ತುಂಬಿದವರ ಕಡತವನ್ನು ಈಗ ತೆಗೆದು ನೋಡುತ್ತಿದ್ದಾರೆ. ಕೆಲಸಕ್ಕೆ ಒದಗುವುದಿಲ್ಲ ಎಂದು ಕಂಡವರನ್ನು ಮನೆಗೆ ಕಳಿಸುತ್ತಾರೆ. ಕಳೆದ ತಿಂಗಳು ನಮ್ಮಲ್ಲಿಂದ ಇಬ್ಬರು ಹೋದರು. ಕೊನೆಯ ವಾರ ಶಿಕ್ಷಣ ಇಲಾಖೆಯ ಸಾಹೇಬರು ತರಬೇತಿ ನೋಡಲು ಬರುತ್ತಾರೆ. ನನ್ನ ಕೈ ಅವರ ಕಣ್ಣಿಗೆ ಬೀಳದಂತೆ ಈ ನಾಲ್ಕು ವಾರ ಕಳೆಯಬೇಕು. ಪೆಟ್ಟಿಗೆ ಬಾರದಿದ್ದರೆ ಅದು ಸುಲಭ.

೧೩ ಜನವರಿ, ಮಂಗಳವಾರ

ಗಾಳಿಯ ಪಾಠ. ಕರಿಫಲಕದ ಮೇಲೆ ತಟ್ಟೆ, ನೀರು, ನಡುವೆ ಉರಿಯುವ ಮೇಣಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಗ್ಲಾಸು ಬರೆದೆ. ಫಲಕದ ಮೇಲೆ ನನ್ನ ಕೈ ನಂಬಿಕೆಗೆ ಯೋಗ್ಯ, ಮಣಿಕಟ್ಟನ್ನು ಒತ್ತಿ ಹಿಡಿಯಲು ಅಲ್ಲಿ ಆಧಾರವಿದೆ. ಬತ್ತಿ ಉರಿದು ಆಮ್ಲಜನಕ ತೀರುತ್ತದೆ, ದೀಪ ಆರುತ್ತದೆ, ಗಾಳಿಯ ಐದು ಪಾಲಿನಲ್ಲಿ ತೀರಿಹೋದ ಒಂದು ಪಾಲಿನ ಜಾಗಕ್ಕೆ ನೀರು ಏರುತ್ತದೆ. ಎಲ್ಲರೂ ಬರೆದುಕೊಂಡರು.

ಹಾಜರಿ ಪಟ್ಟಿಯ ಹದಿನೇಳನೆಯವರು, ಯರಗುಪ್ಪಿಯಿಂದ ಬರುವ ಶಿಕ್ಷಕಿ, ಕೈ ಎತ್ತಿದರು.

“ಖರೇನ ಏರ್ತದೇನ್ರಿ ಸರ್? ನೀವು ನೋಡೀರೇನು?”

“ಪುಸ್ತಕದಾಗ ಅದರಿ,” ಅಂದೆ.

“ಪುಸ್ತಕ ನಮ್ಮ ಕಡೆನೂ ಅದರಿ.”

ಹಿಂದಿನ ಸಾಲಿನವರು ನಕ್ಕರು. ಪೆಟ್ಟಿಗೆ ಬರಲಿ, ನೋಡೋಣ ಅಂದೆ. ಅದು ಎಲ್ಲಿಯಾದರೂ ತಪ್ಪಿಹೋಗಲಿ ಎಂದು ಮನಸ್ಸಿನಲ್ಲಿ.

ಮೂರು ಗಂಟೆಗೆ ಚಹಾ ಬಂತು, ಕಪ್ಪಿನಲ್ಲಿ, ಕೆಳಗೆ ಬಶಿ ಇಟ್ಟು. ಅಂಚಿನವರೆಗೆ ತುಂಬಿ ಬಶಿಗೂ ಚೆಲ್ಲುವಷ್ಟು ಹಾಕುವುದು ಇಲ್ಲಿ ಮರ್ಯಾದೆ. ಚಹಾ ಬಿಟ್ಟಿದ್ದೇನೆ ಎಂದೆ. ಎಲ್ಲ ಊರುಗಳಲ್ಲೂ ಹಾಗೇ ಹೇಳುತ್ತೇನೆ. ಶಾಲೆಯ ಹೆಡ್‌ಮಾಸ್ತರ ಈರಬಸಪ್ಪನವರಿಗೆ ನಿಜವಾಗಿಯೇ ವ್ಯಸನವಾಯಿತು. “ಚಾ ಬಿಟ್ಟು ಹೆಂಗ ದಿನಾ ಕಳೀತೀರಿ ಏಕನಾಥ ಸರ್? ನಾ ಆದ್ರ ಸನ್ಯಾಸಿ ಆಗಿಬಿಡ್ತಿದ್ದೆ.” ದೊಡ್ಡ ದನಿ, ದೊಡ್ಡ ಮೀಸೆ. ಎಳೆಯ ವಯಸ್ಸಿನಲ್ಲಿ ಎರಡು ವರ್ಷ ನಾಟಕ ಕಂಪನಿಯಲ್ಲಿದ್ದರಂತೆ. ಈಗಲೂ ಹಾಜರಿ ಕರೆಯುವುದನ್ನು ಕೇಳಿದರೆ ಯಾರೋ ರಾಜ ಆಸ್ಥಾನದಲ್ಲಿ ಸಾಮಂತರನ್ನು ಕೂಗುವಂತಿರುತ್ತದೆ.

೧೬ ಜನವರಿ, ಶುಕ್ರವಾರ

ಸಂಕ್ರಮಣದ ರಜೆಯ ನಂತರ ಎಲ್ಲರೂ ಕುಸುರೆಳ್ಳು ತಂದಿದ್ದರು. ಒಬ್ಬರ ಅಂಗೈಗೆ ಒಬ್ಬರು ಹಾಕುತ್ತ ಸಾಲುಗಳ ನಡುವೆ ಓಡಾಡಿದರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹದಿನೇಳನೆಯವರು ನನ್ನ ಮುಂದೆ ನಿಂತು ಒಂದು ಚಿಟಿಕೆ ಹಾಕಿದರು. ಸಕ್ಕರೆ ಮುಳ್ಳಿನ ಸಣ್ಣ ಬಿಳಿ ಕಾಳುಗಳು. ಬೇರೆಯವರ ಅಂಗೈಯಲ್ಲಿ ಅವು ಸುಮ್ಮನೆ ಕೂತಿದ್ದವು. ನನ್ನದರಲ್ಲಿ ಒಂದಕ್ಕೊಂದು ತಾಗಿ ಜಿಗಿಯತೊಡಗಿದವು. ಎರಡು ಕೆಳಗೆ ಬಿದ್ದವು.

“ಅಯ್ಯ, ನಿಮ್ಮ ಕೈಯಾಗ ಕುಸುರೆಳ್ಳು ಕುಣ್ಯಾಕ ಹತ್ಯಾವಲ್ರಿ ಸರ್.”

ಮುಷ್ಟಿ ಮುಚ್ಚಿ, ಎಲ್ಲವನ್ನೂ ಬಾಯಿಗೆ ಹಾಕಿಕೊಂಡೆ. “ಥಂಡಿ ಭಾಳ ಅದರಿ,” ಅಂದೆ.

ಅವರು ಬಾಗಿಲಾಚೆಯ ಬಿಸಿಲನ್ನು ನೋಡಿದರು. ನನ್ನನ್ನು ನೋಡಿದರು. “ಹೌದ್ರಿ, ಭಾಳ ಅದ,” ಅಂದರು.

ಅವರ ಹೆಸರು ರೇವವ್ವ. ಪಟ್ಟಿಯಲ್ಲಿ ನೋಡಿದೆ.

೧೯ ಜನವರಿ, ಸೋಮವಾರ

ಪೆಟ್ಟಿಗೆ ಬಂತು. ಈರಬಸಪ್ಪನವರು ತಮ್ಮ ಚಕ್ಕಡಿಯಲ್ಲೇ ಸ್ಟೇಶನ್ನಿನಿಂದ ತಂದರು. ಶಾಲೆಯ ಬಯಲಿಗೆ ಬರುವ ಮೊದಲೇ ಕೂಗುತ್ತಿದ್ದರು: “ಬಂತ್ರೀ ಸರ್! ನಿಮ್ಮ ಪ್ರಯೋಗದ ಸಾಮಾನು ಬಂತು!”

ಸಾಮಾನು ಪಟ್ಟಿಗೆ ತಾಳೆ ನೋಡಬೇಕು, ಎರಡು ದಿನ ಬೇಕು ಎಂದೆ. ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಒಂದು ಮೇಣಬತ್ತಿ ಹಚ್ಚಿ ಒಂದು ಗ್ಲಾಸು ಬೋರಲು ಹಾಕಲು ಎಷ್ಟು ಹೊತ್ತು ಬೇಕು? ನನ್ನ ಕೋಣೆಯಲ್ಲಿ ಒಬ್ಬನೇ ಮಾಡಿ ನೋಡಿದೆ. ಆಗುತ್ತದೆ. ಬಾಗಿಲು ಹಾಕಿದ್ದರೆ ಎಲ್ಲವೂ ಆಗುತ್ತದೆ.

“ಪ್ರಯೋಗ ಯಾವತ್ತು ಇಡೂಣ್ರಿ?” ಎಂದು ಈರಬಸಪ್ಪನವರು ಸಂಜೆ ಬಂದು ಕೇಳಿದರು.

“ನಾಡದ ಆಗ್ಲಿ.”

“ಐದಕ್ಕ ಇಡ್ರಿ. ಜನಕ್ಕೂ ಅನುಕೂಲ.”

ಐದು ಗಂಟೆ ಯಾಕೆ ಎಂದು ತಿಳಿಯಲಿಲ್ಲ. ಬೆಳಕು ಕಡಿಮೆ ಇರುತ್ತದೆ, ನನಗೂ ಅನುಕೂಲ ಎಂದುಕೊಂಡು ಒಪ್ಪಿದೆ.

೨೧ ಜನವರಿ, ಬುಧವಾರ

ಈ ಸೀಮೆಯಲ್ಲಿ ಪ್ರಯೋಗವೆಂದರೆ ನಾಟಕದ ಆಟ. ಕಂಪನಿಗಳ ಜಾಹೀರಾತಿನಲ್ಲಿ ಹಾಗೆಯೇ ಇರುತ್ತದೆ, ಇಂದು ಇಂಥ ನಾಟಕದ ಇಷ್ಟನೆಯ ಪ್ರಯೋಗ ಎಂದು. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಬೇಕಿತ್ತು. ಈರಬಸಪ್ಪನವರು ನಿನ್ನೆ ಊರಲ್ಲಿ ಡಂಗುರ ಹೊಡೆಸಿದ್ದಾರೆ: ಧಾರವಾಡದವರಿಂದ ಶಾಲೆಯ ಬಯಲಿನಲ್ಲಿ ಪ್ರಯೋಗ, ಎಲ್ಲರೂ ಬರಬೇಕು.

ಐದಕ್ಕೆ ಹೊರಗೆ ಬಂದರೆ ಇನ್ನೂರು ಜನ. ಚಾಪೆ, ಕಂಬಳಿ, ಗೋಣಿಚೀಲ. ಹೆಂಗಸರು ಒಂದು ಬಾಜು, ಗಂಡಸರು ಒಂದು ಬಾಜು. ಮುಂದಿನ ಸಾಲಿನಲ್ಲಿ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತ ಖಾಸಿಂಬಿ ಎಂಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹೆಣ್ಣಿನ ಪಾತ್ರ ಇಂವನ ಮಾಡ್ತಾನೇನ?”

“ಪೇಟಿ ಎಲ್ಲೆ ಅದಲೇ?” ಎಂದು ಹಿಂದಿನಿಂದ ಒಬ್ಬ ಹಾರ್ಮೋನಿಯಂ ಹುಡುಕುತ್ತ ಕೂಗಿದ. “ಪೇಟಿ ಬಾರ್ಸೂದಿಲ್ಲದ ಏನ್ ನಾಟಕ ಮಾಡ್ತೀರಿ?”

“ಪೇಟಿ ಇಲ್ಲ, ಪೆಟ್ಟಿಗಿ ಅದ,” ಎಂದು ಈರಬಸಪ್ಪನವರು ಗುಡುಗಿದರು. “ಸುಮ್ಕ ಕೂಡ್ರಿ. ಇದು ವಿಜ್ಞಾನದ ಪ್ರಯೋಗ.”

“ಯಾವ ಕಂಪನಿದ್ರಿ ಅದು?”

ಇಪ್ಪತ್ತೆರಡು ಶಿಕ್ಷಕರು ಮಗ್ಗುಲಲ್ಲಿ ನಿಂತು ನಗು ತಡೆಯುತ್ತಿದ್ದರು. ಹಿಂದೆ ಸರಿಯಲು ದಾರಿ ಇರಲಿಲ್ಲ. ಮೇಜಿನ ಮೇಲೆ ತಟ್ಟೆ, ಬಣ್ಣ ಹಾಕಿದ ನೀರು, ಮೇಣಬತ್ತಿ, ಗ್ಲಾಸು. ಕಡ್ಡಿ ಗೀರಿದೆ, ಬತ್ತಿಗೆ ಮುಟ್ಟುವ ಮೊದಲೇ ಆರಿತು. ಎರಡನೆಯದೂ ಆರಿತು. ಮೂರನೆಯದು ಮುರಿಯಿತು. ಜನ ನಗತೊಡಗಿದರು.

“ಹಾಸ್ಯದಾಂವ ಚಲೋ ಅದಾನಲೇ!”

ನಾಲ್ಕನೆಯದು ಹತ್ತಿತು. ಗ್ಲಾಸನ್ನು ಎತ್ತಿ ಬೋರಲು ಹಾಕಹೋದೆ. ಅದರ ಅಂಚು ತಟ್ಟೆಗೆ ತಾಗಿ ಟಿಣ್ ಟಿಣ್ ಟಿಣ್ ಎಂದಿತು, ನಿಲ್ಲಲಿಲ್ಲ. ಆಗ ನಗು ನಿಂತಿತು. ನಾಟಕ ನೋಡಿ ಬಲ್ಲ ಜನ. ಪಾತ್ರ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾದ ಎಂಬುದು ಅವರಿಗೆ ಗೊತ್ತಾಗುತ್ತದೆ.

ರೇವವ್ವ ಮೇಜಿನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, “ಕೊಡ್ರಿ ಇಲ್ಲೆ. ನೀವು ಹೇಳ್ರಿ, ನಾ ಹಿಡೀತೇನಿ,” ಅಂದರು.

ಕೊಟ್ಟೆ. ನಾನು ಹೇಳಿದೆ, ಅವರು ಮಾಡಿದರು. ಗ್ಲಾಸಿನೊಳಗೆ ದೀಪ ಸಣ್ಣದಾಗಿ, ನೀಲಿಯಾಗಿ, ಆರಿತು. ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟರು. ನೀರು ಮೇಲೇರಿತು. ನಿಜವಾಗಿಯೂ ಏರಿತು.

“ಒನ್ಸ್ ಮೋರ್!”

ಹಾಡು ಚೆನ್ನಾಗಿದ್ದರೆ ಹೀಗೆ ಕೂಗಿ ಮತ್ತೆ ಹಾಡಿಸಿಕೊಳ್ಳುವುದು ಇಲ್ಲಿಯವರ ಹಕ್ಕು. ಮತ್ತೆ ಮಾಡಿದೆವು. ಮತ್ತೆ ಒನ್ಸ್ ಮೋರ್. ಮೂರನೆಯ ಸಲ ಈರಬಸಪ್ಪನವರು ತಡೆಯಲಾರದೆ ಮುಂದೆ ಬಂದು, “ಜನ ಇಷ್ಟು ಕೇಳ್ತಾರ, ಸ್ವಲ್ಪ ಜೋರ್ ಆಗ್ಲಿ,” ಎಂದು ತಟ್ಟೆಯಲ್ಲಿ ಒಂದರ ಬದಲು ಮೂರು ಮೇಣಬತ್ತಿ ನಿಲ್ಲಿಸಿದರು. ನೀರು ಮೊದಲಿನ ಎರಡರಷ್ಟು ಏರಿತು. ಸಿಳ್ಳು ಬಿದ್ದವು. ರೇವವ್ವ ಮಾತ್ರ ಗ್ಲಾಸಿಗೆ ಬೆರಳು ಹಚ್ಚಿ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದರು.

ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಇವತ್ತು ಒಂದು ಊರೇ ನೋಡಿತು. ಕೋಣೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

೨೨ ಜನವರಿ, ಗುರುವಾರ

ತರಗತಿಗೆ ಹೋಗುವ ಮುಂಚೆ, ನಿನ್ನೆಯದರ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ಎರಡು ಉತ್ತರ ಸಿದ್ಧಪಡಿಸಿಕೊಂಡೆ. ಕೈಯ ಬಗ್ಗೆ ಯಾರೂ ಕೇಳಲಿಲ್ಲ. ರೇವವ್ವ ನೀರಿನ ಬಗ್ಗೆ ಕೇಳಿದರು.

“ಗಾಳ್ಯಾಗ ಐದರಾಗ ಒಂದು ಪಾಲು ತೀರ್ತದ, ಅಷ್ಟ ನೀರು ಏರ್ತದ ಅಂದ್ರಿ. ನಿನ್ನೆ ಒಂದು ಬತ್ತಿಗೆ ಒಂದು ಬಟ್ಟು ಏರ್ತು, ಮೂರಕ್ಕ ಎರಡು ಬಟ್ಟು. ಗ್ಲಾಸು ಎರಡೂ ಸಲ ಒಂದ. ಒಳಗಿನ ಗಾಳಿನೂ ಅಷ್ಟ. ಹೆಂಗ್ರಿ ಮತ್ತ?”

ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ.

“ಇನ್ನೊಂದರಿ. ದೀಪ ಉರಿಯೂವಾಗ ನೀರು ಸುಮ್ಮನ ಇತ್ತು. ಆರಿದ ಮ್ಯಾಲೆ ಏರ್ತು. ಉಣ್ಣೂವಾಗ ತಾಟು ತುಂಬಿತ್ತು, ಕೈ ತೊಳಕೊಂಡ ಮ್ಯಾಲೆ ಅನ್ನ ಖಾಲಿ ಆತು ಅಂದಂಗ ಆತಲ್ರಿ ಇದು.”

ಇಂಥ ಸಂದರ್ಭಕ್ಕೆ ನನ್ನ ಬಳಿ ಮಾತುಗಳಿವೆ. ಇದು ನಿಮ್ಮ ಪಠ್ಯಕ್ರಮದ ಆಚೆಯದು ಎನ್ನಬಹುದು. ಅಳತೆಯಲ್ಲಿ ದೋಷವಿದೆ ಎನ್ನಬಹುದು. ನಿನ್ನೆಯವರೆಗೆ ಎರಡನ್ನೂ ಎಷ್ಟೋ ಸಲ ಬಳಸಿದ್ದೇನೆ. ಇವತ್ತು “ಗೊತ್ತಿಲ್ರಿ” ಎಂದುಬಿಟ್ಟೆ. ಯಾಕೆಂದು ತಿಳಿಯದು. ನಿನ್ನೆಯ ದಣಿವು ಇರಬಹುದು.

ಹಿಂದಿನ ಸಾಲಿನಲ್ಲಿ ಸಂಶಿಯ ಗುಲಾಮಹುಸೇನ, ಹತ್ತು ದಿನದಲ್ಲಿ ಒಂದು ಮಾತೂ ಆಡದವರು, ವಹಿಯಲ್ಲಿ ‘ಗೊತ್ತಿಲ್ಲ’ ಎಂಬುದನ್ನೂ ಬರೆದುಕೊಂಡರು.

ಪೆಟ್ಟಿಗೆಯ ಕೀಲಿಯನ್ನು ರೇವವ್ವನವರಿಗೆ ಕೊಟ್ಟೆ. ನೋಡೂಣ್ರಿ ಎಂದೆ.

೨೩ ಜನವರಿ, ಶುಕ್ರವಾರ

ಉತ್ತರ ಕಂಡವರು ಗುಲಾಮಹುಸೇನ. ಅವರ ಅಣ್ಣ ಸಂಶಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾರೆ. ಎಲ್ಲರೂ ದೀಪವನ್ನು ನೋಡುತ್ತಿದ್ದಾಗ ಅವರು ನೆಲಕ್ಕೆ ಕೂತು ಗ್ಲಾಸಿನ ಅಂಚನ್ನು ನೋಡುತ್ತಿದ್ದರು.

“ಬುರುಗು ಬಂತ್ರಿ,” ಅಂದರು. “ಗ್ಲಾಸು ನೀರಿಗೆ ಮುಟ್ಟಿದ ಕೂಡ್ಲೆ ಅಂಚಿನಿಂದ ಬುಳುಬುಳು ಅಂತು. ಪಂಕ್ಚರ್ ನೋಡ್ಲಿಕ್ಕೆ ಟ್ಯೂಬು ನೀರಾಗ ಹಿಡದಂಗ. ಗಾಳಿ ಹೊರಗ ಹೊಂಟದ್ರಿ.”

ಆಮೇಲೆ ಎಲ್ಲರೂ ನೆಲಕ್ಕೆ ಕೂತರು. ನಾನೂ ಕೂತೆ. ಬತ್ತಿಯ ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ದೀಪ ಆರಿ, ತಣ್ಣಗಾಗಿ, ಒಳಗೆ ಉಳಿದ ಗಾಳಿ ಕುಗ್ಗುತ್ತದೆ. ಆ ಜಾಗಕ್ಕೆ ನೀರು. ಮೂರು ಬತ್ತಿಯೆಂದರೆ ಹೆಚ್ಚು ಬಿಸಿ, ಹೆಚ್ಚು ಗಾಳಿ ಹೊರಗೆ, ಹೆಚ್ಚು ನೀರು ಒಳಗೆ. ಸಂಜೆಯವರೆಗೆ ನಲವತ್ತು ಸಲ ಮಾಡಿದರು. ಮೇಣಬತ್ತಿ ಮುಗಿದು ಈರಬಸಪ್ಪನವರು ಅಂಗಡಿಗೆ ಹೋದರು.

ಐದರಲ್ಲಿ ಒಂದು ಪಾಲು ಎಂದು ನಾನು ಎಷ್ಟು ಜನಕ್ಕೆ ಹೇಳಿರಬಹುದು? ವರ್ಷಕ್ಕೆ ಎಂಬತ್ತು ಶಿಕ್ಷಕರು, ಹತ್ತೊಂಬತ್ತು ವರ್ಷ, ಒಬ್ಬೊಬ್ಬರ ಕೈಕೆಳಗೆ ವರ್ಷಕ್ಕೆ ನಲವತ್ತು ಮಕ್ಕಳು. ಅಲ್ಲಿಗೆ ಗುಣಾಕಾರ ನಿಲ್ಲಿಸಿದೆ. ನಾಚಿಕೆಯಾಗಬೇಕಿತ್ತು. ಆಗಿದೆ ಕೂಡ. ಆದರೆ ಅದರ ಜೊತೆಗೆ ಇನ್ನೊಂದು ಇದೆ, ಅದಕ್ಕೆ ಹೆಸರು ಗೊತ್ತಿಲ್ಲ. ಬಿಗಿಯಾದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಂತೆ.

೨೮ ಜನವರಿ, ಬುಧವಾರ

ಮಾಡಲು ನನಗೆ ಕೆಲಸವಿಲ್ಲ. ಐದು ಗುಂಪು ಮಾಡಿಕೊಂಡಿದ್ದಾರೆ. ನಾನು ಕೈ ಹಿಂದೆ ಕಟ್ಟಿಕೊಂಡು ಗುಂಪಿನಿಂದ ಗುಂಪಿಗೆ ನಡೆಯುತ್ತೇನೆ. ಪೆಟ್ಟಿಗೆಯ ಸಾಮಾನು ತಮ್ಮ ಊರಿನ ಶಾಲೆಗೆ ಬರುವುದಿಲ್ಲವೆಂದು ಅವರಿಗೆ ಗೊತ್ತು. ಆದ್ದರಿಂದ ಮಸಿಬಾಟಲಿಯ ದೀಪ, ಕಂದೀಲಿನ ಚಿಮಣಿ, ಔಷಧದ ಸೀಸೆ ತಂದಿದ್ದಾರೆ. ರೇವವ್ವ ಯರಗುಪ್ಪಿಯ ಕರಿ ಎರಿ ಮಣ್ಣು ತಂದು, ಕೆಂಪು ಮಸಾರಿ ಮಣ್ಣನ್ನು ಪಕ್ಕದಲ್ಲಿಟ್ಟು, ಎರಡಕ್ಕೂ ಒಂದೊಂದು ಬಾಟಲಿ ನೀರು ಹಾಕಿ, ಯಾವುದು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆದರು. ಎರಿ ಮಣ್ಣಿನ ಬುಡದಿಂದ ಒಂದು ತೊಟ್ಟೂ ಬೀಳಲಿಲ್ಲ.

“ನಮ್ಮೂರಿನ ಮಂದಿಯಂಗ ಅದರಿ,” ಅಂದರು. “ತಗೊಂಡದ್ದು ಬಿಡೂದಿಲ್ಲ.”

ಮೂರು ಗಂಟೆಗೆ ಗುಲಾಮಹುಸೇನ ನನ್ನ ಮುಂದೆ ಚಹಾ ಇಟ್ಟರು. ಬಿಟ್ಟೇನಿ ಎನ್ನಲು ಹೋದೆ. ಕಪ್ಪಿನಲ್ಲಿ ಅರ್ಧವೇ ಇತ್ತು, ಬಶಿ ಇರಲಿಲ್ಲ. “ಕುಡೀರಿ, ಚೆಲ್ಲೂದಿಲ್ಲ,” ಎಂದು ಅತ್ತ ಹೋದರು. ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಚೆಲ್ಲಲಿಲ್ಲ. ಅರ್ಧ ತುಂಬಿಸುವುದು ಹನ್ನೊಂದು ವರ್ಷ ನನಗೆ ಹೊಳೆದಿರಲಿಲ್ಲ.

ಸಂಜೆ ರೇವವ್ವ ಬಸ್ಸಿಗೆ ಹೋಗುವ ಮುಂಚೆ ನೇರವಾಗಿ ಕೇಳಿದರು. “ಡಾಕ್ಟರ್‌ಗೆ ತೋರಿಸೀರೇನ್ರಿ?”

“ಇಲ್ರಿ.”

“ಯಾಕ?”

ನಮ್ಮ ತಂದೆಯ ಕೈಯೂ ನಡುಗುತ್ತಿತ್ತು, ಕೊನೆಗೆ ಮೂರು ವರ್ಷ ಹಾಸಿಗೆ ಹಿಡಿದು ಹೋದರು, ತೋರಿಸುವುದು ಏನಿದೆ ಎಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

“ನೀರು ಏರೂದನ್ನೂ ನೀವು ನೋಡದನ ಹೇಳಿದ್ರಿ,” ಎಂದು ಅವರು ಚೀಲ ಹೆಗಲಿಗೆ ಹಾಕಿಕೊಂಡರು. “ರವಿವಾರ ಹುಬ್ಬಳ್ಳಿಗೆ ಹೋಗಿ ಬರ್ರಿ.”

೧ ಫೆಬ್ರವರಿ, ರವಿವಾರ

ಬೆಳಗಿನ ಪ್ಯಾಸೆಂಜರ್‌ಗೆ ಹುಬ್ಬಳ್ಳಿಗೆ ಹೋದೆ. ವಯಸ್ಸಾದ ಡಾಕ್ಟರು. ಕೈ ಚಾಚಿಸಿದರು, ಮೂಗು ಮುಟ್ಟಿಸಿದರು, ನಡೆಸಿದರು, ಮೊಣಕೈಯನ್ನು ಮಡಚಿ ಬಿಚ್ಚಿ ನೋಡಿದರು.

“ತಂದಿಯವರು ಹಾಸಿಗೀ ಹಿಡದದ್ದು ಯಾಕ್ರಿ?”

“ಬಚ್ಚಲದಾಗ ಬಿದ್ದು ತೊಡಿ ಎಲಬು ಮುರದಿತ್ತು.”

“ಮತ್ತ ಅದಕ್ಕೂ ಕೈಗೂ ಏನ್ ಸಂಬಂಧ?”

ಎರಡನ್ನೂ ಕೂಡಿಸಿದವನು ನಾನೇ, ಯಾವಾಗ ಕೂಡಿಸಿದೆನೋ ನೆನಪಿಲ್ಲ.

ಮನೆತನದಲ್ಲಿ ಬರುವ ನಡುಕವಂತೆ. ಪ್ರಾಣಕ್ಕೆ ಅಪಾಯವಿಲ್ಲ, ಹಾಸಿಗೆಗೂ ಹಾಕುವುದಿಲ್ಲ. ಹೋಗುವುದೂ ಇಲ್ಲ. ಇನ್ನು ಸ್ವಲ್ಪ ಹೆಚ್ಚಬಹುದು. “ಹನ್ನೊಂದು ವರ್ಷ ಯಾರಿಗೂ ತೋರಿಸಿಲ್ಲೇನ್ರಿ? ಭಾಳ ಜೋಪಾನಲೆ ಇಟ್ಟೀರಿ ಬಿಡ್ರಿ,” ಎಂದು ನಕ್ಕು ಚೀಟಿ ಬರೆದುಕೊಟ್ಟರು.

ಹೊರಗೆ ಬಂದು ಸ್ಟೇಶನ್ನಿನ ಬೆಂಚಿನ ಮೇಲೆ ಎರಡು ಗಾಡಿ ಬಿಟ್ಟು ಕೂತೆ. ಕಡಲೆಕಾಯಿ ತಿಂದೆ. ವತ್ಸಲಾಗೆ ಅಲ್ಲಿಂದಲೇ ಕಾರ್ಡು ಬರೆದೆ, ಎಲ್ಲವನ್ನೂ. ಜಾಗ ಸಾಲದೆ ಅಂಚಿನಲ್ಲೂ ಬರೆದೆ.

೪ ಫೆಬ್ರವರಿ, ಬುಧವಾರ

ಎರಡು ಟಪಾಲು. ಒಂದು ವತ್ಸಲಾಳದು: “ಡಾಕ್ಟರು ಹೇಳಿದ್ದು ಓದಿ ಮನಸ್ಸು ನಿರಾಳವಾಯಿತು. ನಿಮ್ಮ ವಾಟಿಗೆ ನಾನು ಸಾರು ಅರ್ಧವೇ ಬಡಿಸುತ್ತ ಬಂದದ್ದು ಎಷ್ಟು ವರ್ಷದಿಂದ ಎಂಬುದು ನಿಮ್ಮ ಗಮನಕ್ಕೆ ಬಂದಿಲ್ಲವೆಂದು ಕಾಣುತ್ತದೆ. ಬರುವಾಗ ಹೆಸರುಕಾಳು ತನ್ನಿ, ಅಲ್ಲಿ ಚಲೋ ಸಿಗುತ್ತವಂತೆ.”

ಇನ್ನೊಂದು ಕಚೇರಿಯದು. ಸಾಹೇಬರು ಆರನೆಯ ತಾರೀಖು ಬರುತ್ತಾರೆ. ಬೋಧಕರು ಅವರ ಸಮಕ್ಷಮದಲ್ಲಿ ಸ್ವತಃ ಒಂದು ಮಾದರಿ ಪ್ರಯೋಗ ಪಾಠ ನೀಡತಕ್ಕದ್ದು.

ಸ್ವತಃ ಎಂಬ ಶಬ್ದವನ್ನು ನಾಲ್ಕು ಸಲ ಓದಿದೆ.

೫ ಫೆಬ್ರವರಿ, ಗುರುವಾರ

ಈರಬಸಪ್ಪನವರು ಒಂದು ಉಪಾಯ ಹೇಳಿದರು. ಅವರು ಜೋರಾಗಿ ಸ್ವಾಗತ ಭಾಷಣ ಶುರು ಮಾಡುತ್ತಾರೆ, ಸಾಹೇಬರ ಗಾಡಿಯ ಹೊತ್ತಾಗುವವರೆಗೆ ಮುಗಿಸುವುದಿಲ್ಲ. ಅವರಿಗೆ ಅದು ಸಾಧ್ಯ. ಒಂದು ಗಳಿಗೆ ನನಗೂ ಆಸೆಯಾಯಿತು. ಬೇಡವೆಂದೆ.

೬ ಫೆಬ್ರವರಿ, ಶುಕ್ರವಾರ

ಸಾಹೇಬರು ನನಗಿಂತ ಚಿಕ್ಕವರು. ಕೋಟು, ದಪ್ಪ ಕನ್ನಡಕ, ಕಡಿಮೆ ಮಾತು. ಕೂತ ಕೂಡಲೇ, “ಪಾಠ ಶುರು ಮಾಡ್ರಿ,” ಅಂದರು.

ನಾನು ಎದ್ದು ಅವರ ಮುಂದೆ ಹೋಗಿ ನಿಂತೆ. ಬಲಗೈಯನ್ನು ಚಾಚಿದೆ. ಅವರು ನೋಡುತ್ತಿದ್ದರು, ಆದ್ದರಿಂದ ಅದು ಚೆನ್ನಾಗಿಯೇ ನಡುಗಿತು.

“ನನ್ನ ಕೈ ನಡಗ್ತದ್ರಿ ಸಾಹೇಬ್ರ. ನಾ ಮಾಡಿ ತೋರಸೂದು ಆಗೂದಿಲ್ಲ. ಇವರು ಮಾಡ್ತಾರ.”

ಅವರು ಕೈಯನ್ನು ನೋಡಿದರು, ಮುಖವನ್ನು ನೋಡಿದರು. “ಎಷ್ಟು ದಿನಾತು?”

“ಹನ್ನೊಂದು ವರ್ಷ.”

“ಕಡತದಾಗ ಎಲ್ಲೂ ಇಲ್ಲಲ್ಲ?”

“ನಾ ತಿಳಿಸಿಲ್ರಿ.”

ಅವರು ಏನನ್ನೋ ಬರೆದುಕೊಂಡರು. ಅದು ಏನೆಂದು ಕಾಣುತ್ತಿರಲಿಲ್ಲ. ವಿಚಿತ್ರವೆಂದರೆ ನೋಡಬೇಕೆಂದು ಅನ್ನಿಸಲೂ ಇಲ್ಲ. ಕೈ ಹಿಂದೆ ಕಟ್ಟದೆ ನನ್ನ ಜಾಗಕ್ಕೆ ಬಂದೆ.

ರೇವವ್ವ ತಟ್ಟೆಯಲ್ಲಿ ಒಂದು ಬತ್ತಿ ಇಟ್ಟು ಮಾಡಿದರು, ನಂತರ ಮೂರು. ನೀರು ಯಾಕೆ ಏರಿತು ಎಂದು ಸಾಹೇಬರು ಕೇಳಿದರು. ರೇವವ್ವ ಹೇಳಿದರು.

“ಪುಸ್ತಕದಾಗ ಬ್ಯಾರೆ ಅದಲ್ರಿ?”

“ಪುಸ್ತಕ ಬರದವರು ಒಂದ ಬತ್ತಿ ಹಚ್ಚಿ ಎದ್ದು ಹೋಗಿರಬೇಕ್ರಿ.”

ಯಾರೂ ನಗಲಿಲ್ಲ, ಎಲ್ಲರೂ ಸಾಹೇಬರ ಮುಖ ನೋಡುತ್ತಿದ್ದರು. ಅವರು ಗ್ಲಾಸಿನ ಕಡೆ ಬಾಗಿ, “ಏಕನಾಥರ, ನಿಮಗ ಇದು ಮೊದ್ಲ ಗೊತ್ತಿತ್ತೇನು?” ಎಂದು ಕೇಳಿದರು.

“ಇಲ್ರಿ. ಇವರಿಂದ ಗೊತ್ತಾತು. ನಾ ತಪ್ಪು ಹೇಳ್ಕೋತ ಬಂದಿದ್ದೆ.”

“ನನಗೂ ಹಂಗ ಕಲಿಸ್ಯಾರ,” ಎಂದು ಅವರು ಎದ್ದರು. ಕೋಟು ತೆಗೆದು ಕುರ್ಚಿಗೆ ಹಾಕಿ, ಮೇಜಿನ ಹತ್ತಿರ ಬಂದು, “ಕಡ್ಡಿಪೆಟ್ಟಿಗಿ ಕೊಡ್ರಿ ಇಲ್ಲೆ,” ಅಂದರು. ಗುಲಾಮಹುಸೇನ ಅವರನ್ನು ನೆಲಕ್ಕೆ ಕೂಡ್ರಿಸಿ ಬುರುಗು ಎಲ್ಲಿ ನೋಡಬೇಕೆಂದು ತೋರಿಸಿದರು. ಸಾಹೇಬರು ಮೂರು ಸಲ ಮಾಡಿದರು. ಮೂರನೆಯ ಸಲ ಈರಬಸಪ್ಪನವರು ತಮ್ಮನ್ನು ತಡೆಯಲಾಗದೆ “ಒನ್ಸ್ ಮೋರ್!” ಎಂದು ಕೂಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ನಾಲ್ಕನೆಯ ಸಲವೂ ಮಾಡಿದರು.

ಹೋಗುವ ಮುಂಚೆ ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದದ್ದು: “ಬೋಧಕರು ಒಂದು ಪ್ರಯೋಗವನ್ನೂ ಸ್ವತಃ ಮಾಡಿ ತೋರಿಸಲಿಲ್ಲ. ಇಪ್ಪತ್ತೆರಡು ಶಿಕ್ಷಕರೂ ಮಾಡಬಲ್ಲರು.” ಇದು ದೂರೋ ಹೊಗಳಿಕೆಯೋ ಎಂದು ಈರಬಸಪ್ಪನವರು ಕಂಗಾಲಾದರು. ಚಕ್ಕಡಿ ಹತ್ತುವಾಗ ಸಾಹೇಬರು ನನ್ನನ್ನು ಕರೆದರು.

“ಡಾಕ್ಟರ್ ಚೀಟಿ ಅದ ಏನು?”

“ಅದರಿ.”

“ಕಡತಕ್ಕ ಹಚ್ಚಿಬಿಡ್ರಿ. ನೀವು ಬರೀದಿದ್ರ ಮತ್ತ ಯಾರರೆ ಬರೀತಾರ.” ಕನ್ನಡಕ ಒರೆಸಿಕೊಂಡರು. ಬೆರಳಿಗೆ ಮೇಣ ಅಂಟಿತ್ತು, ಗಾಜು ಇನ್ನೂ ಮಸುಕಾಯಿತು. “ಮಾರ್ಚದಾಗ ಅಣ್ಣಿಗೇರಿಯೊಳಗ ಇನ್ನೊಂದು ತಂಡ ಅದ. ಜುಲೈದಾಗ ಕಲಘಟಗಿ. ಎರಡೂ ನಿಮ್ಮವ.”

ಜುಲೈ ಎಂದರೆ ಜೂನ್ ಆದ ಮೇಲೆ, ನನಗೆ ಐವತ್ತು ತುಂಬಿದ ಮೇಲೆ. ಚಕ್ಕಡಿ ಸ್ಟೇಶನ್ನಿನ ದಾರಿಗೆ ತಿರುಗಿದ ಮೇಲೆ ಇದು ಹೊಳೆಯಿತು.

೭ ಫೆಬ್ರವರಿ, ಶನಿವಾರ

ಸಾಮಾನು ಎಣಿಸಿ ಪೆಟ್ಟಿಗೆ ತುಂಬಿದರು. ಒಂದು ಗ್ಲಾಸು ಒಡೆದಿದೆ, ಒಡೆದದ್ದು ತಾನೇ ಎಂದು ನಾಲ್ಕು ಜನ ಒಪ್ಪಿಕೊಂಡರು. ಈರಬಸಪ್ಪನವರು ನನ್ನ ಬಿಡುಗಡೆಯ ಪತ್ರವನ್ನು ಆಸ್ಥಾನದ ದನಿಯಲ್ಲಿ ಓದಿದರು: ಈ ದಿನ ಅಪರಾಹ್ನದಿಂದ ಏಕನಾಥ ಇವರನ್ನು ಬಿಡುಗಡೆಗೊಳಿಸಲಾಗಿದೆ.

ಸಹಿ ಮಾಡಲು ಮೇಜು ಖಾಲಿ ಇರಲಿಲ್ಲ, ಅದರ ಮೇಲೆ ಪೆಟ್ಟಿಗೆ ಇತ್ತು. ನಿಂತಲ್ಲೇ, ಎಲ್ಲರ ನಡುವೆ, ಒಂದು ರಟ್ಟಿನ ಮೇಲೆ ಪತ್ರ ಇಟ್ಟು ಕೊಟ್ಟರು. ಪೆನ್ನು ಕಾಗದಕ್ಕೆ ತಾಗಿ ಸರಸರ ಅಂದಿತು. ರೇವವ್ವ ರಟ್ಟಿನ ಆ ತುದಿ ಹಿಡಿದರು, ಗುಲಾಮಹುಸೇನ ಈ ತುದಿ. ಯಾರೂ ಬೇರೆ ಕಡೆ ನೋಡಲಿಲ್ಲ. ನನಗೂ ಅವಸರವಿರಲಿಲ್ಲ.

ಹೆಸರು ಪೂರ್ತಿ ಬರೆದೆ. ಅಂಕುಡೊಂಕು, ಕೆಳಗಿನ ಗೆರೆ ಎರಡು ಕಡೆ ಹಾರಿದೆ. ಓದಲು ಬರುತ್ತದೆ.